ಅಮಾವಾಸ್ಯೆ ಸಭೆಯಲ್ಲಿ ನಮ್ಮೂರ ಶಾಲೆ

ನಮ್ಮೂರಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ಕೇಳಿಸುವುದು ಅಮಾವಾಸ್ಯೆಯ ದಿನ ಮಾತ್ರ. ಮಿಕ್ಕ ದಿನಗಳಲ್ಲಿ ಬೆಳಗ್ಗೆ ಕರೆಂಟು ಬಂದ ಗಳಿಗೆಯಿಂದ ಮನೆಮನೆಯಲ್ಲೂ ಪವರ್‌ಲೂಮು ಹೊಡೆದುಕೊಳ್ಳಲು ಶುರುವಾದರೆ, ಗಂಡ ಹೆಂಡತಿ ಜಗಳವಾಡಬೇಕೆಂದರೂ ಹಿತ್ತಲಿಗೆ ಹೋಗಬೇಕು. ಸೀರೆ ನೇಯುವ ಮನೆಯ ಮಕ್ಕಳು ಮಾತು ಕಲಿಯುವುದೇ ಕೂಗಿಕೊಂಡು. ಅಮಾವಾಸ್ಯೆ ಬಂದರೆ ಮಗ್ಗಕ್ಕೆ ರಜೆ. ಮಗ್ಗ ಒರೆಸಿ, ಅರಿಸಿನ ಕುಂಕುಮ ಇಟ್ಟು, ಬೂದಗುಂಬಳಕಾಯಿ ಒಡೆದು, ಉಂಡು ಮಲಗುವ ದಿನ. ತಾಯಿ ಚೌಡಮ್ಮ ತಿಂಗಳಿಗೊಮ್ಮೆ ನಮ್ಮ ಕಿವಿಗೆ ಕೊಡುವ ಪ್ರಸಾದ ಅದು ಎಂದುಕೊಂಡು ನಾನು ಕೈ ಮುಗಿಯುತ್ತೇನೆ.

ಆದರೆ ಅದೇ ಅಮಾವಾಸ್ಯೆಯ ದಿನ ಯಾವ ಒಳ್ಳೆಯ ಕೆಲಸವನ್ನೂ ಶುರುಮಾಡಬಾರದು. ಅದೂ ನಮ್ಮೂರಿನ ಕಟ್ಟಳೆಯೇ. ಆವತ್ತು ಹೆಣ್ಣು ನೋಡಲು ಹೋಗುವುದಿಲ್ಲ, ಹೊಸ ಸೀರೆ ಉಡುವುದಿಲ್ಲ, ಪಾಯ ತೆಗೆಯುವುದಿಲ್ಲ. ಹೀಗಾಗಿ ನಾವು ಕೂತು ಮಾತಾಡಬಹುದಾದ ದಿನ ಏನನ್ನೂ ತೀರ್ಮಾನಿಸುವಂತಿಲ್ಲ. ತೀರ್ಮಾನಿಸಬಹುದಾದ ದಿನ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಇದರಿಂದ ಇಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ಶಾಲೆಯ ವಿಷಯ ಬಂದಾಗಲೇ ತೊಡಕು ಕಂಡದ್ದು.

ನಮ್ಮದು ಏಳನೇ ತರಗತಿಯವರೆಗಿನ ಸರ್ಕಾರಿ ಶಾಲೆ. ಹೊರಗಿನಿಂದ ನೋಡಿದರೆ ರೈಲು. ಗೋಡೆಗೆಲ್ಲ ನೀಲಿ ಬಳಿದು, ಬಾಗಿಲು ಕಿಟಕಿಗಳನ್ನು ಬೋಗಿಯಂತೆ ಕಾಣುವ ಹಾಗೆ ಬಣ್ಣ ಹೊಡೆಸಿದ್ದಾರೆ. ಒಳಗೆ, ಐದು ಆರು ಏಳು ಮೂರೂ ತರಗತಿ ಕೂರುವ ದೊಡ್ಡ ಕೋಣೆಯಲ್ಲಿ ತಾರಸಿಯ ಗಾರೆ ಉದುರಿ ಕಂಬಿ ಹೊರಗೆ ಬಂದಿತ್ತು. ಮಳೆ ಬಂದರೆ ಮಕ್ಕಳು ರೈಲಿನೊಳಗೆ ಕೊಡೆ ಬಿಚ್ಚುತ್ತಿದ್ದರು. ಹತ್ತಿರದ ಕಾರ್ಖಾನೆಯವರೊಬ್ಬರು ಕೈ ತೊಳೆಯಲು ನಲ್ಲಿ ಹಾಕಿಸಿಕೊಟ್ಟಿದ್ದರು. ನಲ್ಲಿಗಿಂತ ಅದರ ಮೇಲಿನ ಅವರ ಹೆಸರಿನ ಫಲಕವೇ ದೊಡ್ಡದು. ನೀರು ಬರುವುದು ಅಪರೂಪ, ಫಲಕ ಮಾತ್ರ ದಿನಾ ಇರುತ್ತದೆ.

ಆ ವರ್ಷ ಶಿಕ್ಷಣ ಇಲಾಖೆಯವರು ಬಂದು ದೊಡ್ಡ ಕೋಣೆಯನ್ನು ನೋಡಿ, ಇದು ಅಪಾಯ, ಇಲ್ಲಿ ಮಕ್ಕಳನ್ನು ಕೂರಿಸಬಾರದು ಎಂದರು. ಪಂಚಾಯಿತಿ ತನ್ನ ಐದು ವರ್ಷದ ಯೋಜನೆಯಲ್ಲಿ ಹೊಸ ಕೋಣೆ ಸೇರಿಸಿ, ಗ್ರಾಮಸಭೆಯಲ್ಲಿ ಠರಾವು ಮಾಡಿಕೊಟ್ಟರೆ ಸರಿ. ಇಲ್ಲವಾದರೆ ಬರುವ ಜೂನಿನಿಂದ ಐದು, ಆರು, ಏಳನೇ ತರಗತಿಯ ಮಕ್ಕಳೆಲ್ಲ ಹೆದ್ದಾರಿಯಾಚೆಯ ಶಾಲೆಗೆ ಹೋಗಬೇಕು ಎಂದು ಹೇಳಿ ಹೋದರು.

ನನ್ನ ಮಗಳು ಆಗ ನಾಲ್ಕನೇ ತರಗತಿ. ಆ ಹೆದ್ದಾರಿ ಎಂಥದೆಂದು ನೋಡಿದವರಿಗೇ ಗೊತ್ತು. ಬೆಳಗ್ಗೆ ಶಾಲೆಯ ಹೊತ್ತಿಗೇ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ಶಿಫ್ಟ್ ಬಸ್ಸುಗಳು, ಕಂಟೇನರ್ ಲಾರಿಗಳು, ತಡವಾಯಿತೆಂದು ಹಾರುವ ಬೈಕುಗಳು. ದಾಟುವ ದೊಡ್ಡವರೇ ಕೈ ಅಡ್ಡ ಹಿಡಿದು, ದೇವರ ಹೆಸರು ಹೇಳಿಕೊಂಡು ಓಡುತ್ತಾರೆ. ನನ್ನ ಮಗಳೋ, ಮನೆ ಮುಂದಿನ ಬೀದಿಯಲ್ಲೇ ಒಂದು ಬೆಕ್ಕು ಕಂಡರೆ ನಡುರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತುಬಿಡುವವಳು. ಖಾಸಗಿ ಶಾಲೆಯ ವ್ಯಾನಿಗೆ ಕಳಿಸುವಷ್ಟು ನಮ್ಮ ಮಗ್ಗ ಓಡುತ್ತಿರಲಿಲ್ಲ. ಆ ಮಾತು ಕೇಳಿದಾಗಿನಿಂದ ನನಗೆ ದೇವರ ಮುಂದೆ ಕೂತರೂ ಲಾರಿಯ ಹಾರನ್ನೇ ಕೇಳಿಸುತ್ತಿತ್ತು.

ನಾನು ಶಾಲಾಭಿವೃದ್ಧಿ ಸಮಿತಿಯ ಸದಸ್ಯೆ. ಸದಸ್ಯೆ ಎಂದರೆ ಸ್ವಾತಂತ್ರ್ಯ ದಿನದಂದು ಧ್ವಜದ ಕಟ್ಟೆಯ ಮುಂದೆ ರಂಗೋಲಿ ಹಾಕುವವಳು. ಆದರೂ ಹೆಡ್ ಮೇಡಂ ಕರೆದರೆಂದು ಪಂಚಾಯಿತಿಯ ಸಭೆಗೆ ಹೋದೆ.

ಮೊದಲ ಸಭೆಯನ್ನು ಒಂದು ಬುಧವಾರ ಕರೆದಿದ್ದರು. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಬಾಗಲಕೋಟೆ ಕಡೆಯವರು, ಹೊಸದಾಗಿ ಬಂದವರು. ನಮ್ಮೂರಿನ ಬುಧವಾರ ಅವರಿಗೆ ಗೊತ್ತಿರಲಿಲ್ಲ. ಕಚೇರಿಯ ಹಿಂಗೋಡೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು. ಅವರು ಕೂಗಿ ಕೂಗಿ ಏನೋ ಓದಿದರು. ಬಂದಿದ್ದವರು ಹೆಡ್ ಮೇಡಂ, ನಾನು, ಮತ್ತು ಖಾತೆ ಬದಲಾಯಿಸಲು ಬಂದು ತಪ್ಪಿ ಕೂತಿದ್ದ ಒಬ್ಬರು. ಓದಿ ಮುಗಿಸಿ, ಬೆವರು ಒರೆಸಿಕೊಂಡು, "ಮಂದಿ ಎಲ್ಲೈತ್ರಿ ಯವ್ವಾ?" ಎಂದು ನನ್ನನ್ನೇ ಕೇಳಿದರು.

"ಅಮಾವಾಸ್ಯೆ ದಿನ ಕರೀರಿ ಸಾರ್, ಎಲ್ರೂ ಬರ್ತಾರೆ" ಎಂದೆ.

ಬಂದರು. ಕೂರಲು ಜಾಗ ಸಾಲದೆ ಕಿಟಕಿಯ ಮೇಲೂ ಕೂತರು. ಮಗ್ಗ ನಿಂತಿದ್ದರಿಂದ ಗೋಡೆ ಗಡಿಯಾರದ ಸದ್ದೂ ಕೇಳುತ್ತಿತ್ತು. ನಮ್ಮ ಪಂಚಾಯಿತಿಗೆ ಅಧ್ಯಕ್ಷರು ಹೆಂಗಸು. ಅಧ್ಯಕ್ಷರ ಕುರ್ಚಿಯಲ್ಲಿ ಅವರ ಯಜಮಾನರು ಕೂರುತ್ತಾರೆ. ಅಧ್ಯಕ್ಷರು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೆರಗು ಹೊದ್ದು ಕೂತು, ತೋರಿಸಿದ ಕಡೆ ಸಹಿ ಹಾಕುತ್ತಾರೆ.

ಪಿಡಿಒ ಎದ್ದು ನಿಂತು ಬಿಡಿಸಿ ಹೇಳಿದರು. "ನೋಡ್ರಿ, ಬೋರ್‌ವೆಲ್ ಮೋಟಾರದ ಕರೆಂಟ್ ಬಿಲ್ಲು, ಬೀದಿ ದೀಪದ್ದು, ನೀರು ಬಿಡಾಂವನ ಪಗಾರ, ಇಷ್ಟು ಕೊಟ್ವಿ ಅಂದ್ರ ಮುಗೀತು. ಕಂದಾಯ ನೀವು ಯಾರೂ ಕಟ್ಟಂಗಿಲ್ಲ. ಅದಕ್ಕ ಒಮ್ಮೆಲೇ ಎಲ್ಲಾ ಆಗೂದಿಲ್ಲ. ಐದು ವರ್ಷಕ್ಕ ಹಂಚೂಣು. ಯಾವುದು ಮೊದಲು, ಯಾವುದು ಆಮ್ಯಾಲೆ, ನೀವ ಹೇಳ್ರಿ."

ಕಂದಾಯ ಎಂಬ ಮಾತು ಬಂದ ಕೂಡಲೇ ಇಡೀ ಸಭೆ ತಲೆಯೆತ್ತಿ ಫ್ಯಾನು ನೋಡಿತು.

"ಇವತ್ತೇ ಒಂದಿಷ್ಟು ಮಂದಿ ಕಟ್ಟಿದ್ರೂ..." ಎಂದು ಪಿಡಿಒ ಎಳೆದರು.

"ಅಮಾವಾಸ್ಯೆ ದಿನ ಮನೆ ಲಕ್ಷ್ಮೀನ ಹೊರಗೆ ಕಳಿಸ್ತಾರಾ ಸಾರ್?" ಎಂದು ಹಿಂದಿನಿಂದ ಯಾರೋ ಭಕ್ತಿಯಿಂದ ಕೇಳಿದರು.

ಅಧ್ಯಕ್ಷರ ಯಜಮಾನರು ಗಂಟಲು ಸರಿಮಾಡಿಕೊಂಡರು. "ಮೊದಲನೇ ವರ್ಷ ಆರ್ಚು. ಮೇನ್ ರೋಡಲ್ಲಿ ದೊಡ್ಡದೊಂದು ಆರ್ಚು ಹಾಕ್ಸಿದ್ರೆ, ಇಲ್ಲೊಂದು ಸ್ಕೂಲ್ ಐತೆ ಅಂತ ನಾಲ್ಕ್ ಜನಕ್ಕೆ ಗೊತ್ತಾಗ್ತದೆ."

"ಸ್ಕೂಲ್ ಇದ್ರೆ ತಾನೆ ಗುರು ಗೊತ್ತಾಗೋದು?" ಎಂದಿತು ಕಿಟಕಿಯ ಮೇಲಿನ ಒಂದು ದನಿ.

ಹೆಡ್ ಮೇಡಂ ಎದ್ದರು. "ಸಾರ್, ಮಕ್ಕಳ ತಲೆ ಮೇಲೆ ಗಾರೆ ಬೀಳ್ತಾ ಇದೆ."

"ಮೇಡಂ, ನಾವೂ ಅದೇ ರೂಮಲ್ಲಿ ಓದಿದ್ದು. ನಾವೇನ್ ಆಗೋಗಿದೀವಿ?" ಎಂದರು ಯಜಮಾನರು.

"ಏನೂ ಆಗ್ಲಿಲ್ವಲ್ಲಪ್ಪಾ. ನಾನೂ ಅದನ್ನೇ ಹೇಳ್ತಿರೋದು" ಎಂದರು ಹೆಡ್ ಮೇಡಂ.

ನಗು ನಿಲ್ಲಲು ಹೊತ್ತು ಹಿಡಿಯಿತು. ಆದರೆ ಆ ನಗುವಿನಿಂದ ಸಭೆ ಹದಕ್ಕೆ ಬಂತು. ಮೊದಲ ವರ್ಷ ದೊಡ್ಡ ಕೋಣೆ, ಆಮೇಲೆ ಹೆಣ್ಣುಮಕ್ಕಳ ಶೌಚಾಲಯ, ಕಾಂಪೌಂಡು, ಬಿಸಿಯೂಟದ ಅಡುಗೆಮನೆ, ಕೊನೆಯ ವರ್ಷ ಆರ್ಚು ಎಂದು ಎಲ್ಲರೂ ಒಪ್ಪಿದರು. ನಮ್ಮೂರು ಐದು ವರ್ಷ ಮುಂದಕ್ಕೆ ಯೋಚಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು. ಪಿಡಿಒ ಖುಷಿಯಿಂದ ಪುಸ್ತಕ ತೆರೆದು ಅಧ್ಯಕ್ಷರ ಕೈಗೆ ಪೆನ್ನು ಕೊಡಲು ಹೋದರು.

"ಲೇ, ನಿಲ್ರಪ್ಪಾ" ಎಂಬ ದನಿ ಬಂತು. ಊರಿನ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಪಂಚಾಂಗ ನೋಡಿ ಹೇಳುವ ತಾತ ಅವರು. "ಇವತ್ತೇನು? ಅಮಾವಾಸ್ಯೆ. ಸರಸ್ವತಿ ಗುಡಿ ಕಟ್ಟೋ ಕೆಲಸಕ್ಕೆ ಅಮಾವಾಸ್ಯೆ ದಿನ ಸಹಿ ಹಾಕ್ತೀರಾ?"

ಎಲ್ಲರೂ ನಾಲಿಗೆ ಕಚ್ಚಿಕೊಂಡರು. ಅಧ್ಯಕ್ಷರು ಪೆನ್ನನ್ನು ಕೆಂಡದಂತೆ ಮೇಜಿನ ಮೇಲೆ ಬಿಟ್ಟರು.

"ಹಂಗಾರ ನಾಳೆ ಹಾಕೂಣ್ರಿ" ಎಂದರು ಪಿಡಿಒ.

"ನಾಳೆ ಪಾಡ್ಯ. ಅದಕ್ಕಿಂತ ಅಮಾವಾಸ್ಯೆನೇ ವಾಸಿ."

"ನಾಡದ?"

"ನಾಡಿದ್ದು ಬಿದಿಗೆ. ಬಹಳ ಒಳ್ಳೆ ದಿನ. ಆದ್ರೆ ಮಗ್ಗ ಓಡ್ತಿರ್ತವೆ, ಯಾರು ಬರ್ತಾರೆ?"

ಗ್ರಾಮಸಭೆಯ ಠರಾವಿಗೆ ಗ್ರಾಮದ ಜನ ಇರಲೇಬೇಕಂತೆ. ಈ ಸಲ ಪಿಡಿಒ ಒಬ್ಬರೇ ತಲೆಯೆತ್ತಿ ಫ್ಯಾನು ನೋಡಿದರು.

ಸುಳ್ಳೇಕೆ ಹೇಳಲಿ, ಆವತ್ತು ನನಗೂ ತಾತನ ಮಾತೇ ಸರಿ ಎನಿಸಿತ್ತು. ದೇವರಿಗೆ ಹೆದರಿ ಬದುಕುವವಳು ನಾನು. ಸೋರುವ ತಾರಸಿಗಿಂತ ಕೆಟ್ಟ ಗಳಿಗೆಯಲ್ಲಿ ಹಾಕಿದ ತಾರಸಿಗೆ ಹೆಚ್ಚು ಹೆದರಬೇಕು ಎಂದುಕೊಂಡೇ ಮನೆಗೆ ಬಂದೆ. ಮುಂದಿನ ಅಮಾವಾಸ್ಯೆಗೂ ಹಾಗೆಯೇ ಆಯಿತು. ಅದರ ಮುಂದಿನದಕ್ಕೂ. ಪ್ರತಿ ಸಲವೂ ಐದು ವರ್ಷದ ಮಾತು ಚೆನ್ನಾಗಿ ನಡೆಯುತ್ತಿತ್ತು. ಮಾತಿನಲ್ಲೇ ಶಾಲೆಗೆ ಮಹಡಿ ಬಂತು, ಕಂಪ್ಯೂಟರ್ ಕೋಣೆ ಬಂತು. ಒಬ್ಬರಂತೂ ಮಾತಿನ ಬಿಸಿಯಲ್ಲಿ ಲಿಫ್ಟನ್ನೂ ಹಾಕಿಸಿದರು. ಸಹಿಯ ಹೊತ್ತಿಗೆ ಎಲ್ಲರೂ ಕೈ ಮುಗಿದು ಎದ್ದು ಹೋಗುತ್ತಿದ್ದರು. ಸುಮ್ಮನೆ ಮಾತಾಡಲು ಮಾತ್ರ ಯಾವ ತಿಥಿಯೂ ಅಡ್ಡಬರುವುದಿಲ್ಲ.

ಪಿಡಿಒ ಸೊರಗಿಹೋದರು. ಮೇಲಿನವರು ದಿನಾ ಫೋನು ಮಾಡಿ ಯೋಜನೆ ಎಲ್ಲಿ ಎಂದು ಕೇಳುತ್ತಿದ್ದರಂತೆ. ಚಳಿಗಾಲ ಮುಗಿಯುವ ಹೊತ್ತಿನ ಒಂದು ಸಭೆಯಲ್ಲಿ ತಾತನ ಮುಂದೆಯೇ ಹೋಗಿ ನಿಂತರು. "ಅಜ್ಜಾರ, ಅಮಾಸಿ ದಿನ ಮಾಡೂವಂಥ ಕೆಲಸ ಒಂದರ ಐತೋ ಇಲ್ಲೋ? ಅದನ್ನರ ಹೇಳ್ರಿ."

ತಾತ ಕಣ್ಣು ಮುಚ್ಚಿ ಯೋಚಿಸಿದರು. "ಇದೆ. ಒಡೆಯೋದು. ಕೆಟ್ಟದ್ದನ್ನ ಒಡೆದು ಹಾಕೋಕೆ ಇದಕ್ಕಿಂತ ಒಳ್ಳೆ ದಿನ ಇಲ್ಲ. ಕುಂಬಳಕಾಯಿ ಯಾಕೆ ಒಡೀತೀವಿ ಮತ್ತೆ?"

ಸಭೆಗೆ ಜೀವ ಬಂತು. ಶಿಥಿಲವಾದ ಕೋಣೆಯನ್ನು ಕೆಡವುವುದು ಎಂದು ಆ ಕ್ಷಣವೇ ಠರಾವಾಯಿತು. ಸಹಿಗೆ ನೂಕುನುಗ್ಗಲು. ಇದಕ್ಕೆ ಪಂಚಾಯಿತಿ ಕೈಯಿಂದ ಏನೂ ಹಾಕಬೇಕಿರಲಿಲ್ಲ; ಕಂಬಿಯನ್ನೂ ಕಲ್ಲನ್ನೂ ತಾನೇ ತೆಗೆದುಕೊಂಡು ಹೋಗುವುದಾದರೆ ಕೆಡವಿಕೊಡುತ್ತೇನೆ ಎಂದು ಒಬ್ಬ ಕಂಟ್ರಾಕ್ಟರು ಅಲ್ಲೇ ಕೂತಿದ್ದ. ನಮ್ಮೂರು ಒಂದೇ ಬಾಯಲ್ಲಿ ಒಪ್ಪಿ, ಸರ್ಕಾರದ ದುಡ್ಡು ಕೇಳದೆ, ಹೇಳಿದ ದಿನಕ್ಕೆ ಮುಗಿಸಿದ ಕಾಮಗಾರಿ ಅದೊಂದೇ. ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂದ ಕೂಡಲೇ ಜೆಸಿಬಿ ಬಂತು. ಜಾತ್ರೆಯೇನೋ ಎಂಬಂತೆ ಜನ ಸೇರಿ ನೋಡಿದರು. ಬಿದ್ದ ಮೇಲೆ ಕಟ್ಟಲೇಬೇಕಲ್ಲ, ದೇವರು ಹೀಗೊಂದು ದಾರಿ ತೋರಿಸಿದ ಎಂದು ನಾನೂ ಕರ್ಪೂರ ಹಚ್ಚಿ ಕೈ ಮುಗಿದೆ.

ಕೆಲವು ದಿನಕ್ಕೆ ಇಲಾಖೆಯವರು ಮತ್ತೆ ಬಂದರು. ಬಯಲಾಗಿದ್ದ ಜಾಗದ ನಡುವೆ ನಿಂತು ನಾಲ್ಕೂ ಕಡೆ ನೋಡಿದರು.

"ರೂಮೆಲ್ಲಿ ಮೇಡಂ?"

"ಕೆಡವಿದ್ವಿ ಸಾರ್. ಅಪಾಯ ಅಂದಿದ್ರಲ್ಲ" ಎಂದರು ಹೆಡ್ ಮೇಡಂ.

"ಹೊಸದು ಕಟ್ಟೋ ಠರಾವು?"

ಹೆಡ್ ಮೇಡಂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಹಂಗಾದ್ರೆ ನಮ್ ಕೆಲಸ ಸುಲಭ ಆಯ್ತು. ಮೊದಲು ಕೆಟ್ಟ ರೂಮಾದ್ರೂ ಇತ್ತು, ಈಗ ಅದೂ ಇಲ್ಲ. ಶಾಲೆ ಶುರುವಾಗೋದ್ರೊಳಗೆ ಠರಾವು ಬಂದ್ರೆ ದೇವಸ್ಥಾನದ ಪ್ರಾಂಗಣದಲ್ಲೋ ಎಲ್ಲೋ ಒಂದಷ್ಟು ದಿನ ಕೂರಿಸ್ಕೊಳ್ಳಿ, ಪರವಾಗಿಲ್ಲ ಅಂತೀವಿ. ಬರ್ಲಿಲ್ಲ ಅಂದ್ರೆ ಟಿಸಿ ಬರೆದು ಆಚೆ ಸ್ಕೂಲಿಗೆ ಕಳಿಸಿ."

ಶಾಲೆ ಶುರುವಾಗುವ ಮೊದಲು ಉಳಿದಿದ್ದದ್ದು ಒಂದೇ ಅಮಾವಾಸ್ಯೆ.

ಮನೆಗೆ ಬಂದು ಹಿತ್ತಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. ಸುಲಿದ ಕಾಳು ಸಿಪ್ಪೆಯ ಮೊರಕ್ಕೆ, ಸಿಪ್ಪೆ ಕಾಳಿನ ಪಾತ್ರೆಗೆ ಹೋಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ನನ್ನ ವಾರಗಿತ್ತಿ, ಮೈದುನನ ಹೆಂಡತಿ, ನೋಡಿ ನೋಡಿ ಪಾತ್ರೆಯನ್ನೇ ಕಿತ್ತುಕೊಂಡಳು. ಅವಳು ಹೊಸೂರಿನ ನೇಕಾರರ ಮಗಳು. ತಮಿಳಿನ ಮನೆಯಿಂದ ಬಂದವಳು, ಕನ್ನಡದಲ್ಲಿ ನಮಗಿಂತ ಜೋರು.

"ಏನಾಯ್ತು ಅಕ್ಕ?"

ಹೇಳಿದೆ. ಕೇಳಿಸಿಕೊಂಡು ಅವಳು ನಕ್ಕಳು. ನನಗೆ ಸಿಟ್ಟು ಬಂತು.

"ನಗಬೇಡ್ವೇ. ಆ ರಸ್ತೆ ಮೇಲೆ ನಿನ್ ಮಗೂನ ಕಳಿಸ್ತೀಯಾ?"

"ಅದಕ್ಕಲ್ಲ ಅಕ್ಕ. ನಮ್ ಕಡೆ ಅಮಾವಾಸೆ ದಿನಾನೇ ಅಂಗಡಿ ಓಪನ್ ಮಾಡೋದು. ನಿರಂಜ ಅಮಾವಾಸೆ ಅಂತೀವಿ, ತುಂಬಿದ ದಿನ ಅಂತ. ನಮ್ಮಪ್ಪ ಮಗ್ಗ ಕೂರ್ಸಿದ್ದೂ ಅಮಾವಾಸೆಗೇ."

"ನಿಮ್ಮಪ್ಪನ ಮಗ್ಗ ಓಡ್ತಾ?"

"ಇನ್ನೂ ಓಡ್ತಾ ಐತೆ. ಒಳ್ಳೆ ದಿನ ನೋಡಿ ಕೂರ್ಸಿದ್ ನಿಮ್ ಮಗ್ಗನೇ ವಾರಕ್ಕೊಂದ್ ಸಲ ಮೆಕ್ಯಾನಿಕ್‌ನ ಕರೆಯೋದು."

ಒಳಗೆ ಹೋಗಿ ದೇವರ ದೀಪದ ಬತ್ತಿ ಸರಿಮಾಡುತ್ತ ನಿಂತೆ. ಹೊಸೂರಿನ ಗಡಿಯ ಆಚೆಗೂ ಇದೇ ಸೂರ್ಯ, ಇದೇ ಚಂದ್ರ, ಇದೇ ಕತ್ತಲೆ. ಅವಳ ತವರಿನ ದೇವರೂ ದೇವರೇ. ಅಲ್ಲಿನ ಕುಂಕುಮವನ್ನು ನಾನೇ ಎಷ್ಟೋ ಸಲ ಹಣೆಗಿಟ್ಟುಕೊಂಡಿದ್ದೇನೆ. ಹಾಗಾದರೆ ಕೆಟ್ಟದ್ದು ದಿನವೋ, ಅದು ನಮ್ಮೂರಿಗೆ ಬರುವಾಗ ದಾರಿಯಲ್ಲಿ ಕೆಡುತ್ತದೆಯೋ? ಇಂಥದ್ದನ್ನೆಲ್ಲ ಯೋಚಿಸಿ ಅಭ್ಯಾಸವಿಲ್ಲ. ಆದರೆ ತಾಯಿ ಚೌಡಮ್ಮನ ಮುಖ ನೋಡಿದೆ. ಬೇಡ ಅಂದಂತೆ ಕಾಣಲಿಲ್ಲ. ಅದೂ ಒಂದು ಪುಣ್ಯವೇ ಎಂದುಕೊಂಡೆ.

ಆ ಅಮಾವಾಸ್ಯೆಗೆ ವಾರಗಿತ್ತಿಯನ್ನೂ ಕರೆದುಕೊಂಡು ಹೋದೆ. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು, "ಇಬ್ರೂ ಹೋದ್ರೆ ಬೂದಗುಂಬಳಕಾಯಿ ಯಾರು ತರ್ತಾರೆ?" ಎಂದರು. "ಇವತ್ತು ನೀವೇ ತನ್ನಿ" ಎಂದು ಹೊರಟುಬಿಟ್ಟೆ.

ಪಿಡಿಒ ಇಲಾಖೆಯವರು ಹೇಳಿದ್ದನ್ನೆಲ್ಲ ಹೇಳಿದರು. ಕಟ್ಟುವ ಹಣದಲ್ಲಿ ಒಂದು ಪಾಲು ಮೇಲಿನಿಂದ ಬರುತ್ತದೆ, ಮಿಕ್ಕದ್ದಕ್ಕೆ ನೀವು ಬಾಕಿ ಕಂದಾಯ ಕಟ್ಟಬೇಕು, ಆದರೆ ಮೊದಲು ಇವತ್ತು ಠರಾವು ಆಗಬೇಕು ಎಂದರು. ದನಿಯಲ್ಲಿ ಆಸೆಯೇ ಇರಲಿಲ್ಲ.

"ಹೊಸ ಕೋಣೆ ಕಟ್ಟೂ ಠರಾವು. ಸೂಚಕರು ಯಾರ್ರಿ?"

ಎಲ್ಲರಿಗೂ ಕೋಣೆ ಬೇಕು. ಅಮಾವಾಸ್ಯೆಯ ದಿನ ಬಾಯಿಬಿಟ್ಟವರಾಗುವುದು ಯಾರಿಗೂ ಬೇಡ.

"ನಾನು" ಎಂದು ವಾರಗಿತ್ತಿ ಎದ್ದಳು.

ತಾತ ಕನ್ನಡಕದ ಮೇಲಿಂದ ನೋಡಿದರು. "ಏನಮ್ಮಾ, ಇವತ್ತು ಏನು ಅಂತ ಗೊತ್ತಿಲ್ವಾ?"

"ಗೊತ್ತು ತಾತ. ನನ್ ವೋಟು ಈ ಊರ್ದು. ನನ್ ಅಮಾವಾಸೆ ಹೊಸೂರ್ದು. ನಮ್ಗೆ ಇದು ಒಳ್ಳೆ ದಿನ."

ಸಭೆ ಗುಜುಗುಜು ಎಂದಿತು. ತಾತ ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಶಾಸ್ತ್ರದ ವಿಷಯದಲ್ಲಿ ಅವರು ಪ್ರಾಮಾಣಿಕರು. ಬೆರಳು ಮಡಚಿ ಮಡಚಿ ಏನೋ ಲೆಕ್ಕ ಹಾಕಿದರು. "ಅದು ನಿಜ. ಅವರ ಪದ್ಧತೀಲಿ ಹಂಗೈತೆ. ಆದ್ರೂ ದೋಷ ಅಂತ ಏನಾದ್ರೂ ಬಂದ್ರೆ?"

"ನಮ್ ತವರಿಗೆ ಕಳ್ಸಿ ತಾತ. ಅಲ್ಲಿ ಹೋದ್ರೆ ಅದು ದೋಷ ಆಗಲ್ಲ."

ಸಭೆಗೆ ದೊಡ್ಡ ಭಾರ ಇಳಿಯಿತು. ಬರುವ ದೋಷಕ್ಕೆ ತಮಿಳುನಾಡಿನ ವಿಳಾಸ ಸಿಕ್ಕಿದ ಮೇಲೆ ನಮ್ಮ ಗಂಡಸರ ಮುಖದಲ್ಲಿ ಕಳೆ ಬಂತು. ಕಿಟಕಿಯ ಮೇಲೆ ಕೂತವರು, "ಬರ್ಕೊಳ್ಳಿ ಸಾರ್, ಬರ್ಕೊಳ್ಳಿ" ಎಂದು ಅವಸರ ಮಾಡಿದರು. ಪಿಡಿಒ ಬರೆದುಕೊಂಡರು. "ಅನುಮೋದಕರು?" ಎಂದು ಕೇಳಿ ಸುತ್ತ ನೋಡಿದರು. ಸಭೆ ಮತ್ತೆ ತಲೆಯೆತ್ತಿ ಫ್ಯಾನು ನೋಡಿತು. ಹೊಸೂರಿನಿಂದ ಸೊಸೆ ತಂದ ಮನೆ ಊರಲ್ಲಿ ನಮ್ಮದೊಂದೇ.

ನಾನು ಎದ್ದೆ. ಮನಸ್ಸಿನಲ್ಲೇ, ತಾಯೀ, ನನ್ನದು ನಿನ್ನದೇ ಅಮಾವಾಸ್ಯೆ, ಹೊಸೂರಿನದೆಂದು ಸುಳ್ಳು ಹೇಳಲಾರೆ. ತಪ್ಪಾದರೆ ನನ್ನ ಮೇಲೆ ಬರಲಿ, ಆ ರಸ್ತೆಯ ಮೇಲೆ ಮಾತ್ರ ಬೇಡ ಎಂದೆ. ಬಾಯಿಬಿಟ್ಟು, "ನಾನು ಅನುಮೋದಿಸ್ತೀನಿ" ಎಂದೆ. ತಾತ ಕಣ್ಣು ಮುಚ್ಚಿಕೊಂಡರು, ಅಷ್ಟೆ. ಕಂಡರೆ ತಾನೆ ತಡೆಯಬೇಕಾದ್ದು.

ಉಳಿದದ್ದು ಅಧ್ಯಕ್ಷರ ಸಹಿ. ಅವರು ಪೆನ್ನಿಗೆ ಕೈ ಚಾಚಿದರು. ಯಜಮಾನರು ಕುರ್ಚಿಯಿಂದ ಬಗ್ಗಿ, "ಅಮಾವಾಸ್ಯೆ ಕಣೇ, ಸ್ವಲ್ಪ ಯೋಚ್ನೆ ಮಾಡು" ಎಂದರು.

ಅವರು ಸೆರಗು ಸರಿಮಾಡಿಕೊಂಡರು. "ಈ ಪಂಚಾಯ್ತೀಲಿ ನಂದು ಅಂತ ಇರೋದು ಸಹಿ ಒಂದೇ. ಅದನ್ನೂ ನೀವೇ ಮಾಡ್ತೀರಾ?"

ಅಷ್ಟು ವರ್ಷದಲ್ಲಿ ಸಭೆಯಲ್ಲಿ ಅವರ ದನಿ ಕೇಳಿದ್ದು ಅದೇ ಮೊದಲು. ಮಗ್ಗ ನಿಂತಿದ್ದರಿಂದ ಎಲ್ಲರಿಗೂ ಕೇಳಿಸಿತು. ಅವರು ನಿಧಾನವಾಗಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಐದು ವರ್ಷದ ಯೋಜನೆಯಲ್ಲಿ ಈವರೆಗೆ ನಡೆದದ್ದು ಆ ಕೋಣೆ ಒಂದೇ. ಶೌಚಾಲಯದ ಮಾತು ಬಂದರೆ ಜಾಗದ ವಾಸ್ತು ಎನ್ನುತ್ತಾರೆ, ಕಾಂಪೌಂಡು ಎಂದರೆ ಸರ್ವೆ ಎನ್ನುತ್ತಾರೆ. ಆರ್ಚಿನ ನಕ್ಷೆ ಮಾತ್ರ ಸಿದ್ಧವಾಗಿದೆಯಂತೆ. ಕಂದಾಯವನ್ನು ಅರ್ಧ ಊರು ಕಟ್ಟಿತು, ಅರ್ಧ ಊರು ಒಳ್ಳೆಯ ದಿನ ನೋಡುತ್ತಿದೆ. ಮಕ್ಕಳು ಜೂನಿನಿಂದ ದೇವಸ್ಥಾನದ ಪ್ರಾಂಗಣದಲ್ಲಿ ಕೂತು ಪಾಠ ಕೇಳಿದರು. ಮಂಗಳಾರತಿಯ ಹೊತ್ತಿಗೆ ಪಾಠ ನಿಲ್ಲುತ್ತಿತ್ತು, ಪ್ರಸಾದ ಸಿಗುತ್ತಿದ್ದರಿಂದ ಹಾಜರಿ ಚೆನ್ನಾಗಿತ್ತು. ದಸರಾ ರಜೆ ಮುಗಿಯುವ ವೇಳೆಗೆ ಕೋಣೆಗೆ ತಾರಸಿ ಬಂದಿತ್ತು. ಕಿಟಕಿಗೆ ಬಾಗಿಲಿರಲಿಲ್ಲ, ಗೋಡೆಗೆ ಒಳಗಡೆ ಮಾತ್ರ ಗಾರೆ. ಆದರೂ ಒಂದು ಹನಿ ಸೋರಲಿಲ್ಲ.

ಹೊಸ ಕೋಣೆಯಲ್ಲಿ ತರಗತಿ ಶುರುವಾದ ಬೆಳಗ್ಗೆ ನಾನು ಮಗಳ ಕೈ ಹಿಡಿದುಕೊಂಡು ಶಾಲೆಯ ಗೇಟಿನವರೆಗೂ ಹೋದೆ. ದೂರದಲ್ಲಿ ಹೆದ್ದಾರಿಯ ಕಡೆ ಶಿಫ್ಟ್ ಬಸ್ಸೊಂದು ಹಾರನ್ ಹೊಡೆಯಿತು. ನನ್ನ ಹಿಡಿತ ಬಿಗಿಯಾಗಿದ್ದಿರಬೇಕು. ಮಗಳು ಗೆಳತಿಯರ ಮುಂದೆ ನಾಚಿಕೊಂಡು ಕೈ ಕೊಸರಿದಳು.

"ಬಿಡಮ್ಮಾ. ಇಲ್ಲೇ ತಾನೆ ಸ್ಕೂಲು, ನೀನ್ಯಾಕೆ ಬರೋದು?"

"ಹೌದಲ್ಲ, ಇಲ್ಲೇ ತಾನೆ" ಎಂದು ಕೈ ಬಿಟ್ಟೆ. ಅವಳು ತಿರುಗಿಯೂ ನೋಡದೆ ಒಳಗೆ ಓಡಿದಳು.